ರಾಳ ಕಾಣದ ಮಿಷನ್ನು

ಹೋದ ತಿಂಗಳು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಒಂದು ಸಾವಾಯಿತು. ಸುದ್ದಿ ತಿಳಿದು ನಾನು ಮೈಸೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಹೋದೆ. ಮಣ್ಣು ಮಾಡಿ ಬಂದು, ಕೈಕಾಲು ತೊಳೆದು, ಎಲ್ಲರೂ ಎದುರು ಮನೆಯ ಜಗಲಿಯ ಮೇಲೆ ಕುಳಿತಿದ್ದೆವು. ನೇಕಾರರ ಸೊಸೈಟಿಯ ಹಳೆಯ ಡೈರೆಕ್ಟರೊಬ್ಬರು ಗಂಟಲು ಸರಿಮಾಡಿಕೊಂಡು, "ಭಾಳ ಸಾಧು ಮನ್ಸ ಕಣ್ರಿ. ಒಂದಿನ ಯಾರ್ಗೂ ಎದ್ರು ಮಾತಾಡ್ನಿಲ್ಲ" ಎಂದರು. ಸುತ್ತ ಕುಳಿತವರು ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಸಾವಿನ ಮನೆ ಮುಂದೆ ಜಗಳ ಬೇಡವೆಂದು ಬಾಯಿ ಮುಚ್ಚಿಕೊಂಡು ಬಂದೆ. ಬಂದ ಮೇಲೂ ಆ ಮಾತು ಕಿವಿಯಿಂದ ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೀರಿಕೊಂಡವರು ಎದುರು ಮಾತಾಡದೆ ಇದ್ದ ಒಂದು ದಿನವೂ ನನಗೆ ಗೊತ್ತಿಲ್ಲ. ಎದುರು ಮಾತು ಅವರ ಉಸಿರಾಗಿತ್ತು. ಅದನ್ನು ನಾನೂ ಕೇಳಿಸಿಕೊಂಡಿದ್ದೇನೆ, ಜಗಲಿಯ ಮೇಲಿದ್ದ ಆ ಡೈರೆಕ್ಟರೂ ಕೇಳಿಸಿಕೊಂಡಿದ್ದಾರೆ. ಬದುಕಿದ್ದಾಗ ಅವರ ಬಾಯಿ ಮುಚ್ಚಿಸಲು ಆಗಲಿಲ್ಲ. ಸತ್ತ ಮೇಲೆ ಸಾಧು ಮಾಡಿಬಿಟ್ಟರೆ ಸುಲಭ. ನಾನಂತೂ ಅದಕ್ಕೆ ಒಪ್ಪುವುದಿಲ್ಲ.

ಹೆಸರು ಬರೆಯುವುದಿಲ್ಲ. ಹೆಸರು ಹೇಳಿದ ಕೂಡಲೇ ಯಾವ ಜನ, ಯಾವ ಬೀದಿ, ಯಾರ ಪೈಕಿ ಎಂದು ಕೇಳುವವರು ನಮ್ಮಲ್ಲಿ ಜಾಸ್ತಿ. ಅದೆಲ್ಲ ಗೊತ್ತಾದ ಮೇಲೆ, "ಓ, ಅವನಾ" ಎಂದು ಮುಂದಿನದನ್ನು ಓದುವುದೇ ಇಲ್ಲ. ಬೀದಿಯ ಮಕ್ಕಳೆಲ್ಲ ಅವರನ್ನು ಕೊಪ್ಪರಿಗೆ ಅಣ್ಣ ಎನ್ನುತ್ತಿದ್ದರು. ನಾನೂ ಅಣ್ಣ ಎನ್ನುತ್ತಿದ್ದೆ. ಅಷ್ಟು ಸಾಕು.

ಅವರ ಕೆಲಸ ರೇಷ್ಮೆ ಕುದಿಸುವುದು. ಗೂಡಿನಿಂದ ಬಿಚ್ಚಿದ ನೂಲು ನೀವು ಸೀರೆಯಲ್ಲಿ ನೋಡುವ ರೇಷ್ಮೆಯಂತೆ ಇರುವುದಿಲ್ಲ. ಹುಳು ಸುತ್ತಿದ ಅಂಟು ಅದರ ಮೈಗೆ ಹಾಗೇ ಇರುತ್ತದೆ, ಮುಟ್ಟಿದರೆ ಒರಟು. ಆ ನೂಲಿನ ಲಡಿಗಳನ್ನು ಕೋಲಿಗೆ ನೇತುಹಾಕಿ, ದೊಡ್ಡ ಕೊಪ್ಪರಿಗೆಯ ಸೋಪುನೀರಿನಲ್ಲಿ ಹದವಾಗಿ ಕುದಿಸಬೇಕು. ಕಡಿಮೆ ಕುದಿಸಿದರೆ ಅಂಟು ಉಳಿಯುತ್ತದೆ, ಹೆಚ್ಚು ಕುದಿಸಿದರೆ ನೂಲು ಸಾಯುತ್ತದೆ. ಸೊಸೈಟಿಯ ಹಿಂಭಾಗದ ಶೆಡ್ಡಿನಲ್ಲಿ, ಹೊಗೆ ಮತ್ತು ಹಬೆಯ ನಡುವೆ, ಅಣ್ಣ ಇಪ್ಪತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದರು. ಗಡಿಯಾರ ನೋಡಿದವರಲ್ಲ. ಒಂದು ಎಳೆಯನ್ನು ಎತ್ತಿ ಹೆಬ್ಬೆರಳು ತೋರುಬೆರಳ ನಡುವೆ ಎಳೆದು, "ಇನ್ನೊಂದ್ ಗಳಿಗೆ" ಎಂದರೆ ಇನ್ನೊಂದು ಗಳಿಗೆಯೇ ಬೇಕಾಗಿರುತ್ತಿತ್ತು. ಬೀದಿಯಲ್ಲಿ ಅವರ ಕೈಯಿಂದ ಬಂದ ನೂಲಿಗೆ ಮಗ್ಗದವರು ಕಾದು ಕೂರುತ್ತಿದ್ದರು.

ಆ ಕೈಗಳನ್ನು ನೀವು ನೋಡಬೇಕಿತ್ತು. ಸದಾ ಸೋಪುನೀರಿನಲ್ಲಿ ಅದ್ದಿ ಅದ್ದಿ ಅಂಗೈ ಬಿಳಿಚಿಕೊಂಡಿತ್ತು, ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ಐವತ್ತಾರರಲ್ಲಿ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರಿನಿಂದ ಬಿಟ್ಟು ಮೈಸೂರು ಸೀಮೆಗೆ ಸೇರಿದ ಹೊಸತರಲ್ಲಿ, ಯಾವುದೋ ಕಾಗದಕ್ಕಾಗಿ ಅಣ್ಣ ಒಂದು ಕಚೇರಿಗೆ ಹೋಗಿದ್ದರಂತೆ. ಗುಮಾಸ್ತರು ಮುಖವನ್ನೂ ನೋಡದೆ ಇಂಕಿನ ಪ್ಯಾಡು ಮುಂದಕ್ಕೆ ತಳ್ಳಿದರು, ಹೆಬ್ಬೆಟ್ಟು ಒತ್ತು ಎಂದು. ಅಣ್ಣ ಪ್ಯಾಡನ್ನು ವಾಪಸು ತಳ್ಳಿ, ಪೆನ್ನು ತೆಗೆದುಕೊಂಡು, ಬಾಲ್ಯದಲ್ಲಿ ಕಲಿತ ತಮಿಳಿನಲ್ಲಿ ಸೈನು ಹಾಕಿದರು. ಈಗ ಇದು ಮೈಸೂರು, ಕನ್ನಡದಲ್ಲಿ ಹಾಕು ಎಂದರು ಗುಮಾಸ್ತರು. ಅಣ್ಣ ಅದರ ಕೆಳಗೇ ಕನ್ನಡದಲ್ಲೂ ಹಾಕಿದರು.

"ಎರಡೂ ನಂದೇಯ ಸಾ. ಯಾವ್ದು ಬೇಕೋ ಮಡಿಕಳಿ. ಹೆಬ್ಬೆಟ್ಟು ಮಾತ್ರ ಒತ್ತಾಕಿಲ್ಲ."

ಈ ಕತೆಯನ್ನು ಅಣ್ಣ ನನಗೆ ಎರಡು ಮೂರು ಸಲ ಹೇಳಿದ್ದಾರೆ. ಪ್ರತಿ ಸಲವೂ ಗುಮಾಸ್ತರ ಮುಖ ಮಾಡಿ ತೋರಿಸುತ್ತಿದ್ದರು. ಒತ್ತಿದ್ದರೂ ಅಲ್ಲಿ ಯಾವ ಗೆರೆಯೂ ಮೂಡುತ್ತಿರಲಿಲ್ಲವಲ್ಲ ಅಣ್ಣ ಎಂದು ನಾನು ಒಮ್ಮೆ ತಮಾಷೆ ಮಾಡಿದೆ. ಅವರಿಗೆ ನಗು ಬರಲಿಲ್ಲ. ಗೆರೆ ಮೂಡುತ್ತದೋ ಇಲ್ಲವೋ ಆಮೇಲಿನ ಮಾತು, ಕೇಳದೆ ಪ್ಯಾಡು ತಳ್ಳಿದ್ದು ಯಾಕೆ ಎಂದರು.

ಇನ್ನು ನನ್ನ ವಿಷಯ. ನನ್ನ ಊರು ಕೊಳ್ಳೇಗಾಲದ ಪಕ್ಕದ ಯಳಂದೂರು. ಕೆಮಿಸ್ಟ್ರಿ ಓದಿ, ಎಪ್ಪತ್ತರ ಈಚೆಗೆ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಎಣ್ಣೆ, ತುಪ್ಪ, ಸೋಪು ಇಂಥವನ್ನು ಪರೀಕ್ಷೆ ಮಾಡಿ ವರದಿ ಕೊಡುವ ಜಾಗ. ಅಲ್ಲಿಗೆ ಆಗಷ್ಟೇ ಒಂದು ಗ್ಯಾಸ್ ಕ್ರೊಮಟೋಗ್ರಾಫ್ ಬಂದಿತ್ತು. ಅದನ್ನು ನಡೆಸಲು ತರಬೇತಿ ಪಡೆದವನು ನಾನೊಬ್ಬನೇ. ಇಪ್ಪತ್ನಾಲ್ಕನೆಯ ವಯಸ್ಸಿಗೆ ಅಂಥ ಮಿಷನ್ನು ಕೈಗೆ ಸಿಕ್ಕಿದರೆ ತಲೆ ಎಲ್ಲಿ ನಿಲ್ಲುತ್ತದೆ? ಬಿಳಿ ಕೋಟು ಹಾಕಿಕೊಂಡು ಊರಿಗೆ ಹೋಗುವುದೊಂದು ಬಾಕಿಯಿತ್ತು.

ಆ ಮಿಷನ್ನು ಮಾಡುವ ಕೆಲಸ ಇಷ್ಟು. ಎಣ್ಣೆಯಲ್ಲಿ ಹಲವು ಬಗೆಯ ಆಮ್ಲಗಳು ಬೆರೆತಿರುತ್ತವೆ, ಸೋಪಿನಲ್ಲೂ ಅವೇ. ಅವನ್ನು ಬೇರ್ಪಡಿಸಿ, ಮೆಥನಾಲ್ ಮತ್ತು ಒಂದಿಷ್ಟು ಗಂಧಕಾಮ್ಲದ ಜೊತೆ ಕುದಿಸಿದರೆ ಸುಲಭವಾಗಿ ಆವಿಯಾಗುವ ರೂಪಕ್ಕೆ ಬರುತ್ತವೆ. ಆ ಆವಿಯನ್ನು ಗ್ಯಾಸು ಬಿಸಿಯಾದ ಉದ್ದನೆಯ ಕೊಳವೆಯೊಳಗೆ ದೂಡಿಕೊಂಡು ಹೋಗುತ್ತದೆ. ಒಂದೊಂದು ಆಮ್ಲವೂ ತನ್ನ ತನ್ನ ಹೊತ್ತಿಗೆ ಆಚೆ ಬರುತ್ತದೆ. ಬಂದಾಗ ಉರುಳುವ ಕಾಗದದ ಮೇಲೆ ಪೆನ್ನು ಮೇಲೆದ್ದು ಒಂದು ಗುಡ್ಡ ಬರೆದು ಕೆಳಗಿಳಿಯುತ್ತದೆ. ಯಾವ ಹೊತ್ತಿಗೆ ಗುಡ್ಡ ಎದ್ದಿತು ಎಂದು ನೋಡಿ, ಇದು ಇಂಥ ಆಮ್ಲ ಎಂದು ನಾನು ಬರೆಯುತ್ತಿದ್ದೆ. ಕೊನೆಯ ಎಣ್ಣೆ ಆಮ್ಲದ ಗುಡ್ಡ ಮುಗಿದ ತಕ್ಷಣ ಸ್ವಿಚ್ಚು ಆರಿಸುವುದು ನಮ್ಮ ಪದ್ಧತಿ. ಮುಂದಿನ ಸ್ಯಾಂಪಲ್ಲು ಕಾಯುತ್ತಿರುತ್ತಿತ್ತಲ್ಲ.

ಒಂದು ದಿನ ಕೊಳ್ಳೇಗಾಲದ ಒಂದು ನೇಕಾರರ ಸೊಸೈಟಿಯಿಂದ ಅರಗು ಹಾಕಿ ಮುಚ್ಚಿದ ಪೊಟ್ಟಣದಲ್ಲಿ ಸೋಪಿನ ಬಾರೊಂದು ಬಂತು. ಇದರಲ್ಲಿ ರಾಳ ಬೆರೆತಿದೆಯೇ ಎಂಬುದು ಪ್ರಶ್ನೆ. ರಾಳವೆಂದರೆ ಮರದಿಂದ ಇಳಿಸುವ ಅಂಟು, ಎಣ್ಣೆಗಿಂತ ಅಗ್ಗ, ಸೋಪಿನ ತೂಕ ಹೆಚ್ಚಿಸಲು ಬೆರೆಸುವವರಿದ್ದರು. ನಾನು ಎಣ್ಣೆಗೆ ಮಾಡುವಂತೆಯೇ ಅದಕ್ಕೂ ಮಾಡಿದೆ. ಎಣ್ಣೆಯ ಆಮ್ಲಗಳ ಗುಡ್ಡಗಳು ಎದ್ದವು, ಮುಗಿದವು, ಸ್ವಿಚ್ಚು ಆರಿಸಿದೆ. "ರಾಳದ ಆಮ್ಲಗಳು ಕಂಡುಬಂದಿಲ್ಲ" ಎಂದು ಟೈಪು ಮಾಡಿಸಿ ಸೈನು ಹಾಕಿ ಕಳುಹಿಸಿದೆ. ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಬಿಸಿಯಾಗಿತ್ತು, ತಿಂದೆ.

ಆ ಒಂದು ಸಾಲಿನಿಂದ ಕೊಳ್ಳೇಗಾಲದಲ್ಲಿ ಏನಾಯಿತು ಎಂಬುದು ನನಗೆ ಗೊತ್ತಾದದ್ದು ಹತ್ತು ದಿನ ಬಿಟ್ಟು. ಸೊಸೈಟಿ ಅದುವರೆಗೆ ಬೇರೆ ಕಡೆಯಿಂದ ಸೋಪು ತರಿಸುತ್ತಿತ್ತು. ಆ ವರ್ಷ ಹನೂರಿನಲ್ಲಿ ಹೊಸದಾಗಿ ಸೋಪಿನ ಕಾರ್ಖಾನೆ ಇಟ್ಟ ಸಾಹುಕಾರರೊಬ್ಬರು ಸೊಸೈಟಿಯ ಡೈರೆಕ್ಟರೂ ಆಗಿದ್ದರಿಂದ, ಸೋಪು ಅವರಲ್ಲಿಂದ ಬರತೊಡಗಿತು. ಬಂದ ಎರಡನೆಯ ಕಂತಿನಲ್ಲೇ ನೂಲೆಲ್ಲ ಅಂಟಂಟು, ಹಳದಿ ಹಳದಿ. ಬಣ್ಣ ಹಾಕಿದರೆ ಒಂದು ಕಡೆ ಹಿಡಿಯಿತು, ಒಂದು ಕಡೆ ಹಿಡಿಯಲಿಲ್ಲ. ಮಗ್ಗಗಳು ನಿಂತವು. ಅಣ್ಣ ಸೋಪಿನ ಬಾರನ್ನು ಮೂಸಿ, ನೀರಲ್ಲಿ ಉಜ್ಜಿ, "ಇದ್ರಲ್ಲಿ ರಾಳ ಆಕವ್ರೆ" ಎಂದು ಎಲ್ಲರ ಮುಂದೆ ಹೇಳಿದರು.

ಸೊಸೈಟಿಯವರ ಲೆಕ್ಕಾಚಾರ ಬೇರೆ ಇತ್ತು. ನೂಲು ಅಂಟಾಗಿದೆ ಎಂದರೆ ಅಂಟು ಹೋಗಿಲ್ಲ. ಅಂಟು ಹೋಗಿಲ್ಲ ಎಂದರೆ ಸೋಪು ಕಡಿಮೆ ಹಾಕಿದ್ದಾನೆ. ಹಾಗಾದರೆ ಉಳಿದ ಸೋಪು ಎಲ್ಲಿ ಹೋಯಿತು? ಅಣ್ಣ ಬಿಡಲಿಲ್ಲ, ಮೈಸೂರಿಗೆ ಕಳುಹಿಸಿ ನೋಡಿಸಿ ಎಂದು ಹಟ ಹಿಡಿದರು. ಬಾಯಿ ಮುಚ್ಚಿಸಲೆಂದೇ ಕಳುಹಿಸಿದರು. ನನ್ನ ವರದಿ ಹೋಯಿತು. ಸೊಸೈಟಿಯ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿ, ಅದನ್ನು ಗಟ್ಟಿಯಾಗಿ ಓದಿ, ಒಂಬತ್ತು ಜನ ಡೈರೆಕ್ಟರುಗಳೂ ಅಣ್ಣನನ್ನು ಸೋಪು ಕಳ್ಳ ಎಂದು ತೀರ್ಮಾನಿಸಿದರು. ಶೆಡ್ಡಿನ ಬೀಗದ ಕೈ ಕಿತ್ತುಕೊಂಡರು. ಮಾರನೆಯ ದಿನ ಅವರ ಹೆಂಡತಿ ಬೀದಿಯ ಕೊಳಾಯಿಗೆ ಹೋದಾಗ ಯಾರೋ, "ನಿಮ್ಗೇನವ್ವ, ಮನೇಲಿ ಸೋಪಿಗೆ ಬರವಾ" ಎಂದರಂತೆ. ಆ ತಾಯಿ ಅವತ್ತಿನಿಂದ ಕೊಳಾಯಿಗೆ ಹೋಗುವುದನ್ನು ಬಿಟ್ಟು, ದೂರದ ಬಾವಿಯಿಂದ ನೀರು ಹೊತ್ತರು.

ಅಣ್ಣ ಮೊದಲು ಹನೂರಿಗೆ ನಡೆದುಹೋದರು. ಕಾರ್ಖಾನೆಯ ಗೇಟಿನವನು ಒಳಗೆ ಬಿಡಲಿಲ್ಲ. "ಒಳಕ್ಕೆ ನನ್ನ ಬುಡ್ನಿಲ್ಲ, ಸರಿ. ರಾಳದ್ ವಾಸ್ನೇನ ಒಳಗೇ ಮಡಿಕಳಾಕೆ ಆಯ್ತದಾ? ರಸ್ತೆ ತಂಕ ಬತ್ತಿತ್ತು" ಎಂದು ನನಗೆ ಆಮೇಲೆ ಹೇಳಿದರು. ಹನೂರಿನಿಂದ ವಾಪಸು ಬರದೆ, ಹಾಗೇ ಮಹದೇಶ್ವರನ ಬೆಟ್ಟಕ್ಕೂ ನಡೆದರು. ಹರಕೆ ಕಟ್ಟಿಕೊಂಡಿರಾ ಎಂದು ನಾನು ಕೇಳಿದ್ದಕ್ಕೆ ಸಿಟ್ಟು ಬಂತು.

"ಅರಕೆ ಯಾಕೆ? ತಪ್ಪು ಮಾಡಿದ್ರೆ ಕಟ್ಕಬೇಕು. ಮಾದಪ್ಪನ್ ತಾವ ಓಗಿ ಇಂಗಿಂಗಾಗದೆ ಅಂತ ಯೋಳ್ಬುಟ್ಟು ಬಂದೆ. ಅವ್ನೂ ತಿಳ್ಕಂಡಿರ್ಲಿ ಅಂತ."

ಬೆಟ್ಟದಿಂದ ಇಳಿದವರು ನೇರ ನನ್ನ ಪ್ರಯೋಗಾಲಯಕ್ಕೆ ಬಂದರು. ಆಗಲೇ ನಾನು ಅವರನ್ನು ಮೊದಲ ಸಲ ನೋಡಿದ್ದು. ಕಾಲು ತುಂಬ ಧೂಳು, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ನನ್ನ ವರದಿಯ ನಕಲು. "ಈ ಸೈನು ಯಾರ್ದು" ಎಂದು ಕೇಳಿದರು. ನನ್ನದು ಎಂದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಯಾವೂರು ಎಂದರು. ಯಳಂದೂರು ಎಂದೆ. "ನಮ್ ಎಳಂದೂರಾ?" ಎಂದು ಇನ್ನೊಮ್ಮೆ ಕೇಳಿದರು. ಬೇರೆ ಊರಿನವನಾಗಿದ್ದರೆ ಕ್ಷಮಿಸಿಬಿಡುತ್ತಿದ್ದರೇನೋ, ಆ ಮುಖ ನೋಡಿದರೆ ಹಾಗಿತ್ತು.

ನಾನು ಅವರಿಗೆ ಮಿಷನ್ನಿನ ದೊಡ್ಡಸ್ತಿಕೆಯ ಬಗ್ಗೆ ಉಪದೇಶ ಮಾಡಿದೆ. ಇದಕ್ಕೆ ಕಣ್ಣುಮುಚ್ಚಾಲೆ ನಡೆಯುವುದಿಲ್ಲ, ಇದ್ದರೆ ಇದೆ ಎನ್ನುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತದೆ ಎಂದೆ. ಕೈಯಿಂದ ಮುಟ್ಟಿ ನೋಡಿ ಹೇಳುವ ಕಾಲ ಹೋಯಿತು ಎಂದೂ ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಪೂರ್ತಿ ಕೇಳಿಸಿಕೊಂಡು ಎದ್ದು ಹೋದರು. ಪೀಡೆ ತೊಲಗಿತು ಎಂದುಕೊಂಡೆ.

ಒಂದು ಗಂಟೆಯಲ್ಲಿ ವಾಪಸು ಬಂದರು. ಪೇಟೆಯ ಗ್ರಂಧಿಗೆ ಅಂಗಡಿಯಿಂದ ಹಾಳೆಯಲ್ಲಿ ಕಟ್ಟಿಸಿಕೊಂಡು ಬಂದ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಬಿಚ್ಚಿದರು. ಜೇನಿನ ಬಣ್ಣದ ರಾಳದ ಗಟ್ಟಿ.

"ಇದು ಏನು ಸಾ?"

"ರಾಳ."

"ಬರೀ ರಾಳ ತಾನೆ? ಬೇರೇನೂ ಬೆರ್ಸಿಲ್ಲ ತಾನೆ?"

"ಹೌದು."

"ಸೋಪಿಗೆ ಏನೇನ್ ಮಾಡಿದ್ರೋ ಅದ್ನೆಲ್ಲ ಇದ್ಕೂ ಮಾಡಿ. ಮಾಡ್ಬುಟ್ಟು ನಿಮ್ ಮಿಸನ್ಗೆ ಆಕಿ. ಅದು ಏನಂತದೋ ನೋಡವ."

ಕೆಲಸವಿದೆ, ಆಗುವುದಿಲ್ಲ ಎಂದೆ. ಅವರು ಕಾರಿಡಾರಿನ ಬೆಂಚಿನ ಮೇಲೆ ಕುಳಿತರು. ಸಂಜೆ ಬಾಗಿಲು ಹಾಕುವಾಗ ಎದ್ದು ಹೋದರು. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅದೇ ಬೆಂಚಿನ ಮೇಲಿದ್ದರು. ಮೂರನೆಯ ದಿನವೂ ಇದ್ದರು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ನಾನು ಹೊರಗೆ ಬಂದಾಗಲೆಲ್ಲ, "ಆಯ್ತಾ ಸಾ" ಎಂದು ಕೇಳುತ್ತಿದ್ದರು, ಅಷ್ಟೇ. ನಮ್ಮ ಮೇಲಧಿಕಾರಿಗಳು, "ಅದೇನು ಬೇಕೋ ಮಾಡಿ ಕಳಿಸಯ್ಯ, ಬೆಂಚು ಸವೆದುಹೋಗುತ್ತೆ" ಎಂದು ರೇಗಿದರು. ಸರಿ, ಇವರ ಕಾಟ ಒಂದು ತೀರಲಿ ಎಂದು ರಾಳವನ್ನು ಪುಡಿಮಾಡಿ, ಸೋಪಿಗೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡಿ, ಮಿಷನ್ನಿಗೆ ಹಾಕಿದೆ. ಅವರನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಕಣ್ಣಾರೆ ಕಂಡರೆ ನಂಬುತ್ತಾರೆ ಎಂದುಕೊಂಡಿದ್ದೆ.

ಕಾಗದ ಉರುಳಿತು. ಮೊದಲಿಗೆ ರಾಳ ಕರಗಿಸಿದ ದ್ರಾವಕದ ಗುಡ್ಡ ಎದ್ದಿತು, ಅದು ಯಾವಾಗಲೂ ಬರುವುದೇ. ಆಮೇಲೆ ಪೆನ್ನು ಕೆಳಗಿಳಿದು ನೆಟ್ಟಗೆ ಗೆರೆ ಎಳೆಯತೊಡಗಿತು. ಐದು ನಿಮಿಷ, ಹತ್ತು ನಿಮಿಷ, ಗೆರೆ. ಎಣ್ಣೆಯ ಆಮ್ಲಗಳು ಬರುವ ಹೊತ್ತೆಲ್ಲ ಕಳೆಯಿತು, ಗೆರೆ. ನಾನು ಕಾಯುತ್ತಲೇ ಇದ್ದೆ, ಸ್ವಿಚ್ಚಿಗೆ ಕೈ ಹೋಗಲಿಲ್ಲ. ಒಳಗಿದ್ದದ್ದು ಬರೀ ರಾಳ. ಮಿಷನ್ನು ಏನೂ ಇಲ್ಲ ಎನ್ನುತ್ತಿತ್ತು.

ಅಣ್ಣ ಕಾಗದವನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಕೇಳಿದರು. "ರಾಳದ ಗಟ್ಟೀನೇ ಆಕುದ್ರೂ ಕಾಣಾಕಿಲ್ಲ ಅಂದ್ಮೇಲೆ, ಸೋಪಲ್ಲಿ ರಾಳ ಇಲ್ಲ ಅಂತ ನೀವೆಂಗೆ ಬರುದ್ರಿ ಸಾ?"

ನಾನು ಓದಿದ ಓದಿನಲ್ಲಿ ಮೊದಲನೆಯ ಪಾಠ ಅದು. ಇಲ್ಲ ಎನ್ನುವ ಮೊದಲು, ಇದ್ದರೆ ಕಾಣಿಸುತ್ತದೆಯೇ ಎಂದು ನೋಡಿಕೊಳ್ಳಬೇಕು. ಎಣ್ಣೆ ನೋಡಿ ನೋಡಿ ನಾವು ಅದನ್ನು ಮರೆತಿದ್ದೆವು. ಪ್ರಯೋಗಾಲಯದಲ್ಲಿ ಡಿಗ್ರಿ ಇದ್ದವರು ಆರು ಜನ, ಒಬ್ಬರಿಗೂ ಹೊಳೆಯಲಿಲ್ಲ. ಕೊಪ್ಪರಿಗೆಯ ಮುಂದೆ ನಿಂತ ಮನುಷ್ಯನಿಗೆ ಹೊಳೆಯಿತು. ನಾನು ಅವರ ಕಡೆ ನೋಡಲಾರದೆ ಕಾಗದ ಹರಿದು ಮಡಿಚಿದೆ.

"ಮಡಿಚ್ಬೇಡಿ, ಕೊಡಿ ಇತ್ತಾಗೆ" ಎಂದು ಅಣ್ಣ ಕೈ ಚಾಚಿದರು.

ಆ ದಿನ ಪುಸ್ತಕಗಳನ್ನು ತೆಗೆದು ಕುಳಿತೆ. ಕಾರಣ ಸಿಕ್ಕಿತು. ಮೆಥನಾಲಿನ ಜೊತೆ ಕುದಿಸಿದರೆ ಎಣ್ಣೆಯ ಆಮ್ಲಗಳು ಸಲೀಸಾಗಿ ಬದಲಾಗುತ್ತವೆ, ರಾಳದ ಆಮ್ಲ ಜಗ್ಗುವುದಿಲ್ಲ. ಬದಲಾಗದೆ ಹಾಗೇ ಉಳಿದು, ಕೊಳವೆಯೊಳಗೆ ಎಲ್ಲೋ ಕಚ್ಚಿಕೊಂಡು ಕೂರುತ್ತದೆ, ಆಚೆ ಬರುವುದೇ ಇಲ್ಲ. ಅದನ್ನು ಹೊರಡಿಸಲು ಡಯಾಜೋಮೀಥೇನ್ ಎಂಬ ಬೇರೆ ರಾಸಾಯನಿಕ ಬೇಕು. ಹಳದಿ ಬಣ್ಣದ್ದು, ವಿಷ, ಕೈ ತಪ್ಪಿದರೆ ಸಿಡಿಯುವಂಥದ್ದು. ಅದನ್ನು ಬಾಟಲಿಯಲ್ಲಿ ಕೊಂಡು ತರಲಾಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಇದನ್ನು ಅಣ್ಣನಿಗೆ ತಿಳಿಸಿ ಹೇಳಿದಾಗ ಅವರು ಅಷ್ಟೂ ಕೇಳಿ, "ಬಗ್ಗಾಕಿಲ್ಲ ಅಂತದೆ ಅನ್ನಿ" ಎಂದು ಮೊದಲ ಸಲ ನಕ್ಕರು. ರಾಳದ ಮೇಲೆ ಅವರಿಗೆ ಒಂದು ಬಗೆಯ ಮರ್ಯಾದೆ ಬಂದಂತಿತ್ತು.

ಮೇಲಧಿಕಾರಿಗಳಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಹೋದ ವರದಿ ಹೋಯಿತು, ತಪ್ಪೆಂದು ಬರೆದುಕೊಟ್ಟರೆ ನಾಳೆ ನಮ್ಮ ಯಾವ ವರದಿಯನ್ನು ಯಾರು ನಂಬುತ್ತಾರೆ ಎಂದರು. ಒಬ್ಬ ನೂಲು ಕುದಿಸುವವನಿಗಾಗಿ ನೀನು ಗಾಜು ಸಿಡಿಸಿಕೊಂಡು ಕಣ್ಣು ಕಳೆದುಕೊಳ್ಳಬೇಕೇ ಎಂದೂ ಕೇಳಿದರು. ಆ ಮಾತಿನಲ್ಲಿ ಪ್ರೀತಿಯೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೂರು ದಿನ ಆ ಬೆಂಚನ್ನು ದಾಟಿ ಓಡಾಡಿದ್ದ ನನಗೆ ಎಲ್ಲಿಂದಲೋ ಧೈರ್ಯ ಬಂದಿತ್ತು. "ನಂಬಿದ್ದಕ್ಕೇ ಸಾರ್ ಅವರು ಕಳ್ಳರಾಗಿದ್ದು" ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ಮಾಡು, ಆದರೆ ಕಾಗದದ ಮೇಲೆ ನನ್ನ ಸೈನು ಕೇಳಬೇಡ ಎಂದರು.

ಸ್ಯಾಂಪಲ್ಲಿನ ಅರ್ಧವನ್ನು ಸೀಲು ಮಾಡಿ ಬೀರುವಿನಲ್ಲಿಡುವುದು ನಮ್ಮಲ್ಲಿ ನಿಯಮ. ಆ ಅರ್ಧ ಬಾರು ಹಾಗೇ ಇತ್ತು. ಮುಂದಿನ ವಾರ ಕಿಟಕಿ ಬಾಗಿಲುಗಳನ್ನೆಲ್ಲ ತೆಗೆದಿಟ್ಟು, ಐಸಿನ ಪಾತ್ರೆಯೊಳಗೆ ಆ ಹಳದಿ ದ್ರಾವಣ ತಯಾರು ಮಾಡಿದೆ. ಅಣ್ಣ ಬಾಗಿಲ ಬಳಿ ನಿಂತಿದ್ದರು. ದೂರ ಇರಿ, ಸಿಡಿಯಬಹುದು ಎಂದೆ. "ನೀವು ಇದ್ದೀರಲ್ಲ ಅಲ್ಲೇಯ" ಎಂದು ಅವರು ಹೆಜ್ಜೆ ಕದಲಿಸಲಿಲ್ಲ.

ಮೊದಲು ಅಂಗಡಿಯ ರಾಳವನ್ನು ಓಡಿಸಿದೆ. ಎಣ್ಣೆಯ ಹೊತ್ತು ಕಳೆದು ಬಹಳ ನಿಮಿಷಗಳಾದ ಮೇಲೆ ಗುಂಪಾಗಿ ಮೂರು ನಾಲ್ಕು ಗುಡ್ಡಗಳೆದ್ದವು. ಈಗ ಮಿಷನ್ನಿಗೆ ಕಣ್ಣು ಬಂದಿತ್ತು. ಆಮೇಲೆ ಸೋಪು. ಎಣ್ಣೆಯ ಗುಡ್ಡಗಳು ಎಂದಿನಂತೆ ಎದ್ದು ಮುಗಿದವು. ಪೆನ್ನು ಕೆಳಗಿಳಿಯಿತು. ಹೇಳಲು ಕಷ್ಟವಾಗುತ್ತದೆ, ಅಷ್ಟೆಲ್ಲ ಆದಮೇಲೂ ನನ್ನ ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆ ಹೋಯಿತು.

"ಇರ್ಲಿ ಬುಡಿ ಸಾ. ಇನ್ನೂ ಕುದಿತಾ ಅದೆ" ಎಂದರು ಅಣ್ಣ.

ಕೈ ಹಿಂದಕ್ಕೆ ತೆಗೆದೆ. ಗೆರೆ, ಗೆರೆ, ಬರೀ ಗೆರೆ. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಪೆನ್ನು ಅಲುಗಿತು. ಮೇಲೆದ್ದಿತು, ಇಳಿಯಿತು, ಮತ್ತೆ ಮೇಲೆದ್ದಿತು. ಮುಗಿದ ಮೇಲೆ ಎರಡು ಕಾಗದಗಳನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ರಾಳದ ಗುಡ್ಡಗಳೂ ಸೋಪಿನ ಕೊನೆಯ ಗುಡ್ಡಗಳೂ ಒಂದೇ ಜಾಗದಲ್ಲಿ ಕೂತವು. ಅಣ್ಣ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನನ್ ಕೈಗೆ ಒಂದು ನಿಮ್ಸದಲ್ಲಿ ಗೊತ್ತಾಗಿತ್ತು" ಎಂದರು. ಅದರಲ್ಲಿ ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಇತ್ತು. ಇರಬೇಕಾದ್ದೇ.

ಹೊಸ ವರದಿಯನ್ನು ಟಪಾಲಿನಲ್ಲಿ ಕಳುಹಿಸುತ್ತೇನೆ ಎಂದೆ. ಬೇಡ ಎಂದರು. "ಕಾಗ್ದ ಅವ್ರ ಕೈಗೋದ್ರೆ ಡ್ರಾಯರ್ ಒಳಕ್ಕೆ ಓಯ್ತದೆ. ನೀವೇ ತಕಂಡು ಬನ್ನಿ." ರಜೆ ಹಾಕಿ ಹೋದೆ.

ಸೊಸೈಟಿಯ ಹಾಲು ಅವತ್ತು ತುಂಬಿತ್ತು. ಗೋಡೆಯ ಉದ್ದಕ್ಕೆ ಒಂಬತ್ತು ಕುರ್ಚಿ, ಒಂಬತ್ತು ಡೈರೆಕ್ಟರುಗಳು. ಮೈಸೂರಿನ ಸಾಹೇಬರೆಂದು ನನಗೆ ಹತ್ತನೆಯ ಕುರ್ಚಿ ತಂದು ಹಾಕಿದರು. ನೇಕಾರರು ಚಾಪೆಯ ಮೇಲೆ ಕುಳಿತಿದ್ದರು. ಶೆಡ್ಡಿನಲ್ಲಿ ಕುದಿಸುವವರು, ಬಣ್ಣದವರು ಹೊಸ್ತಿಲಿನ ಆಚೆ ನಿಲ್ಲುವುದು ಅಲ್ಲಿನ ರೂಢಿ. ಸೊಸೈಟಿ ಶುರುವಾದಾಗಿನಿಂದ ಅವರಲ್ಲಿ ಯಾರೂ ಹೊಸ್ತಿಲು ದಾಟಿ ಕೂತವರಲ್ಲ. ಅಣ್ಣನೂ ಆಚೆಯೇ ನಿಂತಿದ್ದರು, ಬಾಗಿಲಿಗೆ ಅಡ್ಡವಾಗಿ.

ನಾನು ವರದಿ ಓದಿದೆ. ಸೋಪಿನಲ್ಲಿ ರಾಳದ ಆಮ್ಲಗಳು ಇವೆ, ಕಡಿಮೆಯೇನಲ್ಲ, ನೂಲು ಕೆಡಲು ಅದು ಸಾಕು ಎಂದೆ. ಹನೂರಿನ ಸಾಹುಕಾರರು ಕೈಗಡಿಯಾರಕ್ಕೆ ಕೀಲಿ ಕೊಡುತ್ತಾ ಕುಳಿತಿದ್ದರು. ಅಧ್ಯಕ್ಷರು ಎರಡು ಸಲ ಕೆಮ್ಮಿ, "ಸರಿ, ಆದದ್ದಾಯ್ತು. ಸೋಪು ಬೇರೆ ತರ್ಸೋಣ. ನಾಳೆಯಿಂದ ನೀನು ಕೆಲ್ಸಕ್ಕೆ ಬಾಪ್ಪ" ಎಂದು ಬಾಗಿಲ ಕಡೆ ಕೈ ಮಾಡಿದರು. ಸಭೆ ಮುಗಿಯಿತು ಎಂದು ಕೆಲವರು ಏಳಲು ಹೊರಟರು.

"ಕೆಲ್ಸ ಕೇಳಾಕೆ ನಾ ಬಂದಿಲ್ಲ" ಎಂದರು ಅಣ್ಣ. ಎಲ್ಲರೂ ಮತ್ತೆ ಕುಳಿತರು. "ಅವತ್ತು ಇದೇ ಜಾಗ್ದಲ್ಲಿ, ಇದೇ ಜನದ್ ಮುಂದೆ, ಕಳ್ಳ ಅಂದ್ರಿ. ನನ್ ಎಂಡ್ತಿ ಕೊಳಾಯಿಗೆ ಓಗಾಕಿಲ್ಲ. ಬಾಯಲ್ಲಿ ಅಂದಿದ್ನ ಬಾಯಲ್ಲೇ ವಾಪಸ್ ತಕಬೇಕು. ಒಬ್ಬೊಬ್ರೇ ಎದ್ದು, ಇವ್ನು ಸೋಪು ಕದ್ದಿಲ್ಲ ಅಂತ ಯೋಳಿ. ಆಮೇಲೆ ಕೆಲ್ಸದ್ ಮಾತು."

ಯಾರೂ ಅಲುಗಲಿಲ್ಲ. ಅಣ್ಣ ನನ್ನ ಕಡೆ ತಿರುಗಿದರು. "ಮೊದಲ್ನೇ ಕಾಗ್ದದ್ ಸೈನು ನಿಮ್ದಲ್ವಾ ಸಾ?"

ಇದನ್ನು ನನಗೆ ಮೊದಲೇ ಹೇಳಿರಲಿಲ್ಲ. ಒಂದು ಕ್ಷಣ ಅವರ ಮೇಲೆ ಕೋಪ ಬಂತು, ನಾನು ಇವರ ಪರವಾಗಿ ಬಂದವನಲ್ಲವೇ ಎಂದು. ಆದರೆ ಸೈನು ನನ್ನದೇ. ಎದ್ದು ನಿಂತೆ. "ಮೊದಲ ವರದಿ ತಪ್ಪು. ತಪ್ಪು ನನ್ನದು. ಇವರು ಸೋಪು ಕದ್ದಿಲ್ಲ" ಎಂದೆ. ಹಾಲಿನ ಕೊನೆಯವರೆಗೆ ಕೇಳಿಸಿತು.

"ಇವ್ರಿಗೆ ಅರ್ಧ ನಿಮ್ಸ ಇಡೀತು. ಇನ್ನ ಒಂಬತ್ತು ಜನ ಕುಂತವ್ರೆ" ಎಂದರು ಅಣ್ಣ.

ಚಾಪೆಯ ಮೇಲಿದ್ದ ನೇಕಾರರು ಡೈರೆಕ್ಟರುಗಳನ್ನೇ ನೋಡತೊಡಗಿದರು. ಅಧ್ಯಕ್ಷರು ಎದ್ದರು, ಹೇಳಿದರು. ಅವರ ಪಕ್ಕದವರು ಎದ್ದರು. ಒಬ್ಬೊಬ್ಬರಾಗಿ ಎಂಟು ಜನ ಎದ್ದು ಹೇಳಿದರು, ಕೆಲವರು ಗೊಣಗುತ್ತಾ, ಒಬ್ಬರು ಕಣ್ಣಲ್ಲಿ ನೀರು ತಂದುಕೊಂಡು. ಸಾಹುಕಾರರು ಏಳಲಿಲ್ಲ. ಕಾಲ ಮೇಲೆ ಕಾಲು ಹಾಕಿ, "ಹೊಸ್ಲಾಚೆ ನಿಂತಿರೋರ್ಗೆಲ್ಲ ನಾನು ಎದ್ದು ನಿಲ್ಲಾಕೆ ಆಗಲ್ಲ" ಎಂದರು.

ಅಣ್ಣ ಹೊಸ್ತಿಲು ದಾಟಿದರು. ಚಾಪೆಯ ಸಾಲುಗಳ ನಡುವೆ ನಡೆದು ಬಂದು, ನಾನು ಎದ್ದು ಖಾಲಿಯಾಗಿದ್ದ ಕುರ್ಚಿಯನ್ನು ಎಳೆದು, ಸಾಹುಕಾರರ ಎದುರಿಗೆ ಹಾಕಿ ಕುಳಿತರು. ಟವೆಲ್ಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

"ಈಗ ನಾನು ಆಚೆ ಇಲ್ಲ. ನೀವು ಏಳಾಗಂಟ ನಾನೂ ಏಳಾಕಿಲ್ಲ."

ಒಬ್ಬರೂ ಮನೆಗೆ ಹೋಗಲಿಲ್ಲ. ಎಷ್ಟು ಹೊತ್ತಾಯಿತೋ ನಾನು ನೋಡಲಿಲ್ಲ. ಕೊನೆಗೆ ಸಾಹುಕಾರರು ಪಂಚೆ ಕೊಡವಿಕೊಂಡು ಎದ್ದರು. ಗೋಡೆಯ ಕಡೆ ತಿರುಗಿ, ತುಟಿಯೊಳಗೇ, ಸೋಪು ಕದ್ದಿಲ್ಲ ಎಂದರು.

ಅಣ್ಣ ಕುರ್ಚಿಯಿಂದ ಏಳಲಿಲ್ಲ.

"ಕೇಳ್ನಿಲ್ಲ ಸಾ" ಎಂದರು. "ಇನ್ನೊಂದ್ ಸಲ ಯೋಳಿ."